ಲೀಶ್‌ಮನ್ ಸ್ಟೇನ್ ಕೆಟ್ಟಿದೆ ಎಂದು ಬಾಟಲಿ ಚೆಲ್ಲುವ ಮುನ್ನ

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಲ್ಯಾಬಿನಲ್ಲಿ ಇಪ್ಪತ್ತಮೂರು ರಕ್ತದ ಸ್ಲೈಡ್‌ಗಳು ಒಟ್ಟಿಗೆ ನೀಲಿಯಾಗಿ ಬಂದವು. ಕೆಂಪು ರಕ್ತಕಣಗಳು ಬೂದು ಬಣ್ಣಕ್ಕೆ ತಿರುಗಿದ್ದವು, ಬಿಳಿ ರಕ್ತಕಣಗಳ ಕೋಶಕೇಂದ್ರಗಳು ಮಸಿ ಚೆಲ್ಲಿದಂತೆ ಕಪ್ಪಾಗಿದ್ದವು. ರಕ್ತಕಣಗಳಿಗೆ ಬಣ್ಣ ಕೊಡುವ ಲೀಶ್‌ಮನ್ ಸ್ಟೇನಿನ ಹೊಸ ಬಾಟಲಿಯನ್ನು ಹಿಂದಿನ ದಿನವಷ್ಟೇ ತೆರೆದಿದ್ದೆವು. ಹಾಗಾಗಿ ಎಲ್ಲರ ಬೆರಳೂ ಅದರತ್ತಲೇ ಹೋಯಿತು. ಬಾಟಲಿಯನ್ನು ಹಿಂದಿರುಗಿಸಲು ಚೀಟಿಯನ್ನೂ ಬರೆದಾಗಿತ್ತು. ಆದರೆ ತಪ್ಪು ಬಾಟಲಿಯದ್ದಾಗಿರಲಿಲ್ಲ. ಅದು ಎಲ್ಲಿತ್ತು ಎಂದು ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಬೇರೆ ಯಾರಿಗೂ ಹಾಳಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಸಣ್ಣ ಲ್ಯಾಬಿನಲ್ಲಿ ಹದಿನೆಂಟು ವರ್ಷಗಳಿಂದ ರಕ್ತದ ಸ್ಲೈಡ್ ಮಾಡುವುದು, ನೋಡುವುದು ನನ್ನ ಕೆಲಸ. ಈಗ ಎಣಿಕೆಯನ್ನೆಲ್ಲ ಯಂತ್ರವೇ ಮಾಡುತ್ತದೆ. ಆದರೆ ಯಂತ್ರಕ್ಕೆ ಅನುಮಾನ ಬಂದಾಗ ನಾವು ಹೋಗುವುದು ಸ್ಲೈಡಿನ ಹತ್ತಿರವೇ. ಡೆಂಗಿ ಹಬ್ಬಿದ ತಿಂಗಳುಗಳಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿದಿದೆಯೇ, ಟ್ಯೂಬಿನೊಳಗೆ ಗುಂಪುಗಟ್ಟಿ ಯಂತ್ರದ ಕಣ್ಣಿಗೆ ಬೀಳುತ್ತಿಲ್ಲವೇ ಎಂಬುದನ್ನು ಸ್ಲೈಡೇ ಹೇಳಬೇಕು. ಮಲೇರಿಯಾ ಇದೆಯೇ, ರಕ್ತದ ಕ್ಯಾನ್ಸರಿನ ಎಳೆಯ ಕಣಗಳು ಇವೆಯೇ ಎಂಬುದನ್ನೂ ಅದೇ ಹೇಳಬೇಕು. ಬಣ್ಣ ಕೆಟ್ಟ ಸ್ಲೈಡ್ ಸುಮ್ಮನಿರುವುದಿಲ್ಲ, ತಪ್ಪು ಮಾತನ್ನೂ ಆಡುತ್ತದೆ.

ಮೊದಲು ಮೈಕ್ರೋಸ್ಕೋಪನ್ನು ಅನುಮಾನಿಸಿ

ಸ್ಲೈಡಿನ ಬಣ್ಣ ಸರಿಯಿಲ್ಲ ಎನಿಸಿದ ಕೂಡಲೇ ಸ್ಟೇನ್ ಬಾಟಲಿಗೆ ಕೈ ಹಾಕಬೇಡಿ. ಹಿಂದೆ ಚೆನ್ನಾಗಿ ಬಂದಿದ್ದ ಹಳೆಯ ಸ್ಲೈಡೊಂದನ್ನು ಅದೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿ. ಅದೂ ನೀಲಿಯಾಗಿ ಕಂಡರೆ ದೋಷವಿರುವುದು ಬೆಳಕಿನಲ್ಲಿ. ಹಳದಿ ಬೆಳಕಿನ ಹಳೆಯ ಬಲ್ಬಿಗಾಗಿ ಹಾಕಿದ್ದ ನೀಲಿ ಫಿಲ್ಟರ್ ಎಲ್‌ಇಡಿ ಬಂದ ಮೇಲೂ ಅಲ್ಲೇ ಉಳಿದಿರಬಹುದು, ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಕಂಡೆನ್ಸರ್ ಕೆಳಗೆ ಜಾರಿರಬಹುದು, ಲೆನ್ಸಿನ ಮೇಲೆ ಎಣ್ಣೆ ಒಣಗಿರಬಹುದು.

ಇದಕ್ಕಾಗಿಯೇ ಪ್ರತಿ ಲ್ಯಾಬಿನಲ್ಲೂ ಒಂದು ಮಾದರಿ ಸ್ಲೈಡ್ ಇರಬೇಕು. ಆರೋಗ್ಯವಂತರ ತಾಜಾ ರಕ್ತದಿಂದ ಮಾಡಿ, ಬಣ್ಣ ಸರಿಯಾಗಿ ಬಂದದ್ದನ್ನು ಆರಿಸಿ, ಕವರ್‌ಸ್ಲಿಪ್ ಅಂಟಿಸಿ, ದಿನಾಂಕ ಬರೆದು ಕತ್ತಲ ಪೆಟ್ಟಿಗೆಯಲ್ಲಿ ಇಡಿ. ಬೆಳಕಿಗೆ ಬಿಟ್ಟರೆ ಅದರ ಬಣ್ಣವೂ ಮಾಸುತ್ತದೆ. ನಮ್ಮಲ್ಲಿ ಅದಕ್ಕೆ ‘ಸಾಕ್ಷಿ’ ಎಂದು ಹೆಸರಿಟ್ಟಿದ್ದೇವೆ. ತಕರಾರು ಎದ್ದಾಗಲೆಲ್ಲ ಮೊದಲು ಕರೆಯುವುದು ಸಾಕ್ಷಿಯನ್ನೇ.

ಸರಿಯಾದ ಬಣ್ಣ ಎಂದರೆ ಯಾವುದು

ದೋಷ ಹುಡುಕುವವರಿಗೆ ಸರಿಯಾದ ಬಣ್ಣ ಕಣ್ಣಿನಲ್ಲಿ ಕೂತಿರಬೇಕು. ಕೆಂಪು ರಕ್ತಕಣ ಬಾಡಿದ ಗುಲಾಬಿಯ ಬಣ್ಣದಲ್ಲಿರಬೇಕು, ಅದರ ನಡುಭಾಗ ಸ್ವಲ್ಪ ತೆಳುವಾಗಿರಬೇಕು. ಬಿಳಿ ಕಣದ ಕೋಶಕೇಂದ್ರ ನೇರಳೆ ಹಣ್ಣಿನ ಬಣ್ಣದ್ದು. ಬಿಳಿ ಕಣದಲ್ಲೂ ಹಲವು ಬಗೆಗಳಿವೆ. ಲಿಂಫೋಸೈಟಿನ ಅಂಚಿನ ದ್ರವ ತಿಳಿ ಆಕಾಶ ನೀಲಿ. ನ್ಯೂಟ್ರೋಫಿಲ್‌ನಲ್ಲಿ ಕಂಡೂ ಕಾಣದಂತಹ ನಸುನೇರಳೆ ಪುಡಿ. ಇಯೋಸಿನೋಫಿಲ್‌ನ ಹರಳುಗಳಂತೂ ಮಾಲೆಗೆ ಒತ್ತಾಗಿ ಕಟ್ಟಿದ ಕನಕಾಂಬರದ ಹಾಗೆ ಕಾಣಬೇಕು.

ಈ ಇಯೋಸಿನೋಫಿಲ್ ನನ್ನ ಅಚ್ಚುಮೆಚ್ಚಿನ ಕಣ. ಸ್ಲೈಡಿನಲ್ಲಿ ಒಂದೇ ಒಂದು ಸಿಕ್ಕಿದರೂ ಬಣ್ಣ ಯಾವ ಕಡೆಗೆ ವಾಲಿದೆ ಎಂದು ಹೇಳಿಬಿಡುತ್ತದೆ. ಕನಕಾಂಬರ ಬೂದಿ ಹಿಡಿದಂತೆ, ನೀಲಿ ಬೆರೆತಂತೆ ಕಂಡರೆ ಕ್ಷಾರ ಹೆಚ್ಚಾಗಿದೆ. ಕಣ್ಣು ಕೋರೈಸುವ ಕೆಂಪಾದರೆ ಆಮ್ಲ ಹೆಚ್ಚಾಗಿದೆ.

ಹೀಗೇಕೆ ಎಂಬುದು ಸ್ಟೇನಿನ ಒಳಗೇ ಇದೆ. 1891ರಲ್ಲಿ ರಷ್ಯಾದ ವೈದ್ಯ ರೊಮಾನೋವ್‌ಸ್ಕಿ ಮೆಥಿಲೀನ್ ಬ್ಲೂ ಮತ್ತು ಇಯೋಸಿನ್ ಎಂಬ ಎರಡು ಬಣ್ಣಗಳನ್ನು ಬೆರೆಸಿ ಮಲೇರಿಯಾ ಪರಾವಲಂಬಿಯ ಕೋಶಕೇಂದ್ರವನ್ನು ನೇರಳೆಯಾಗಿ ಕಾಣುವಂತೆ ಮಾಡಿದ. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಶ್‌ಮನ್ 1901ರಲ್ಲಿ ಅದನ್ನು ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲಿನಲ್ಲಿ ಕರಗುವ ಒಂದೇ ಪುಡಿಯಾಗಿ ಸರಳಗೊಳಿಸಿದ. ಕಾಲಾ ಅಜಾರ್ ರೋಗದ ಪರಾವಲಂಬಿಯ ಕುಲಕ್ಕೆ ಲೀಶ್‌ಮೇನಿಯಾ ಎಂಬ ಹೆಸರು ಬಂದದ್ದು ಇವನಿಂದಲೇ. ಈ ಪುಡಿಯೊಳಗೆ ಮೆಥಿಲೀನ್ ಬ್ಲೂ ಮತ್ತು ಅದು ಆಕ್ಸಿಡೀಕರಣಗೊಂಡು ಉಂಟಾದ ಅಜೂರ್ ಬಣ್ಣಗಳು ಧನ ವಿದ್ಯುದಂಶದವು, ಇಯೋಸಿನ್ ಋಣ ವಿದ್ಯುದಂಶದ್ದು. ಅಜೂರ್ ಹೋಗಿ ಕೋಶಕೇಂದ್ರದ ಆಮ್ಲಕ್ಕೆ ಅಂಟುತ್ತದೆ, ಇಯೋಸಿನ್ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಯಾವುದು ಎಷ್ಟು ಅಂಟಬೇಕು ಎಂಬ ತೀರ್ಪು ಮಾತ್ರ ಪುಡಿಯ ಕೈಯಲ್ಲಿಲ್ಲ, ಅದರೊಂದಿಗೆ ಬೆರೆಸುವ ನೀರಿನ ಕೈಯಲ್ಲಿದೆ. ಕ್ಷಾರದ ನೀರಿನಲ್ಲಿ ಅಜೂರ್‌ನದೇ ದರ್ಬಾರು, ಆಮ್ಲದ ನೀರಿನಲ್ಲಿ ಇಯೋಸಿನ್‌ನದು. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 6.8ರ ಆಸುಪಾಸಿನಲ್ಲಿದ್ದರೆ ಎರಡಕ್ಕೂ ಹೊಂದಾಣಿಕೆಯಾಗುತ್ತದೆ. ಪಿಎಚ್ ಅಲ್ಲೇ ನಿಲ್ಲುವಂತೆ ಲವಣ ಬೆರೆಸಿದ ನೀರೇ ಬಫರ್.

ನಾಲ್ಕು ಸ್ಲೈಡ್‌ಗಳ ಪರೀಕ್ಷೆ

ದೋಷ ಸ್ಟೇನಿನಲ್ಲಿದೆಯೇ ಬಫರಿನಲ್ಲಿದೆಯೇ ಎಂದು ವಾದ ಮಾಡುತ್ತಾ ಕೂರುವ ಬದಲು ಅರ್ಧ ಗಂಟೆ ಕೊಟ್ಟು ಹೀಗೆ ಮಾಡಿ. ಒಂದೇ ಟ್ಯೂಬಿನ ತಾಜಾ ರಕ್ತದಿಂದ ನಾಲ್ಕು ಸ್ಮಿಯರ್, ಅಂದರೆ ಗಾಜಿನ ಮೇಲೆ ರಕ್ತದ ತೆಳು ಪದರ, ಎಳೆಯಿರಿ. ಅ, ಆ, ಇ, ಈ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಪೆನ್ನಿನ ಶಾಯಿ ಮೆಥನಾಲಿಗೆ ಕರಗಿ ಹೋಗುತ್ತದೆ. ಅ ಸ್ಲೈಡಿಗೆ ಈಗ ಬಳಸುತ್ತಿರುವ ಸ್ಟೇನ್, ಈಗಿನ ಬಫರ್. ಆ ಸ್ಲೈಡಿಗೆ ಈಗಿನ ಸ್ಟೇನ್, ಹೊಸದಾಗಿ ಮಾಡಿದ ಬಫರ್. ಇ ಸ್ಲೈಡಿಗೆ ಬೇರೆ ಲಾಟಿನ, ಅಂದರೆ ಬೇರೆ ಸಲ ತಯಾರಾದ ಸ್ಟೇನ್, ಈಗಿನ ಬಫರ್. ಈ ಸ್ಲೈಡಿಗೆ ಎರಡೂ ಬೇರೆ. ಉಳಿದದ್ದೆಲ್ಲ, ಅಂದರೆ ಸಮಯ, ಹನಿಗಳ ಲೆಕ್ಕ, ಮಾಡುವ ಕೈ, ಒಂದೇ ಆಗಿರಲಿ. ಬಫರ್ ಬದಲಾದಾಗ ಬಣ್ಣ ಸರಿಹೋದರೆ ದೋಷ ಬಫರಿನದು, ಸ್ಟೇನ್ ಬದಲಾದಾಗ ಸರಿಹೋದರೆ ಸ್ಟೇನಿನದು.

ಆ ಮಾರ್ಚ್ ಬೆಳಿಗ್ಗೆ ನಾನೂ ಇದನ್ನೇ ಮಾಡಿಸಿದೆ. ನಾಲ್ಕೂ ನೀಲಿಯಾಗಿಯೇ ಬಂದವು.

ಬಫರಿಗೆ ಪಿಎಚ್ ಮೀಟರ್ ಇಳಿಸಿದೆವು, 6.8 ತೋರಿಸಿತು. ಮೀಟರನ್ನೇ ನಂಬದೆ 7.0 ಮತ್ತು 4.0ರ ಪ್ರಮಾಣ ದ್ರಾವಣಗಳಲ್ಲಿ ಮತ್ತೆ ಹೊಂದಿಸಿ ನೋಡಿದೆವು. ಮತ್ತೆ 6.8. ಸ್ಲೈಡಿನ ಗಾಜು ಬದಲಿಸಿದೆವು, ರಕ್ತ ಬದಲಿಸಿದೆವು, ಸಮಯ ತಗ್ಗಿಸಿದೆವು. ನೀಲಿ ಜಗ್ಗಲಿಲ್ಲ.

ಎರಡನೆಯ ದಿನ ನಾನು ಏನನ್ನೂ ಮುಟ್ಟದೆ, ತರಬೇತಿಗೆ ಬಂದಿದ್ದ ಹುಡುಗಿಯ ಪಕ್ಕದಲ್ಲಿ ಕೈಕಟ್ಟಿ ನಿಂತೆ. “ನಾನು ಇಲ್ಲ ಎಂದುಕೊಂಡು ದಿನವೂ ಮಾಡುವಂತೆಯೇ ಮಾಡಮ್ಮ” ಎಂದೆ. ಅವಳು ಸ್ಟೇನ್ ಹಾಕಿ ಗಡಿಯಾರ ನೋಡಿ ಎರಡು ನಿಮಿಷ ಬಿಟ್ಟಳು. ಬಫರ್ ಹಾಕಿ ರಬ್ಬರ್ ಬಲ್ಬಿನಿಂದ ನಯವಾಗಿ ಗಾಳಿ ಊದಿ ಬೆರೆಸಿದಳು. ಎಂಟು ನಿಮಿಷವಾಯಿತು. ಎಲ್ಲವೂ ಅಚ್ಚುಕಟ್ಟು. ಆಮೇಲೆ ಸ್ಲೈಡನ್ನು ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ಸಣ್ಣ ಧಾರೆಯ ಕೆಳಗೆ ಹಿಡಿದು ತೊಳೆದು, ಇನ್ನೂ ಚೆನ್ನಾಗಿ ಬರಲೆಂದು ಸ್ಲೈಡಿನ ಮೇಲೆ ನಲ್ಲಿಯ ನೀರನ್ನು ತುಂಬಿಸಿ ಎರಡು ನಿಮಿಷ ಹಾಗೆಯೇ ಬಿಟ್ಟಳು. ಗುಲಾಬಿ ಇಣುಕುತ್ತಿದ್ದ ಸ್ಮಿಯರ್ ನನ್ನ ಕಣ್ಣೆದುರಿಗೇ ನೀಲಿಗೆ ತಿರುಗಿತು.

“ತೊಳೆಯುವುದಕ್ಕೂ ಬಫರನ್ನೇ ಬಳಸಬೇಕಲ್ಲವೇನಮ್ಮ?” ಎಂದೆ.

“ನಾನು ಬಂದಾಗಿನಿಂದ ಎಲ್ಲರೂ ನಲ್ಲಿಯಲ್ಲೇ ತೊಳೆಯುತ್ತಿದ್ದಾರೆ ಮೇಡಂ. ಇಷ್ಟು ದಿನ ಸರಿಯಾಗಿಯೇ ಬರುತ್ತಿತ್ತು.”

ಅವಳು ಹೇಳಿದ್ದು ನಿಜ. ಇಷ್ಟು ದಿನ ನಲ್ಲಿಯಲ್ಲಿ ಬರುತ್ತಿದ್ದದ್ದು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಬರುವ ಕಾವೇರಿ ನೀರು. ಅದು ಅಷ್ಟೇನೂ ಗಡಸಲ್ಲ, ನಮ್ಮ ತಪ್ಪನ್ನು ತನ್ನೊಳಗೇ ನುಂಗಿಕೊಂಡಿತ್ತು. ಆ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಗೆ ಪರದಾಡಿದ್ದು ನಿಮಗೆ ನೆನಪಿರಬಹುದು. ನಮ್ಮ ಕಟ್ಟಡದ ಸಂಪಿಗೂ ಟ್ಯಾಂಕರ್ ನೀರು ಬಿದ್ದಿತ್ತು. ಅದು ಕೊಳವೆಬಾವಿಯ ನೀರು. ಬೇಳೆ ಬೇಯಿಸದ, ಗೀಸರಿನ ಸುರುಳಿಗೆ ಬಿಳಿ ಪದರ ಕಟ್ಟುವ ಗಡಸು ನೀರು. ಬೈಕಾರ್ಬೊನೇಟ್ ತುಂಬಿದ ಅಂತಹ ನೀರು ಕ್ಷಾರದ ಕಡೆಗೇ ಇರುತ್ತದೆ. ನಲ್ಲಿಯ ನೀರಿಗೆ ಪಿಎಚ್ ಪಟ್ಟಿ ಅದ್ದಿದರೆ 8ರ ಬಣ್ಣಕ್ಕೆ ಬಂತು. ನಾಲ್ಕು ಸ್ಲೈಡ್‌ಗಳ ಪರೀಕ್ಷೆಯಲ್ಲಿ ನಾವು ಸ್ಟೇನ್ ಬದಲಿಸಿದ್ದೆವು, ಬಫರ್ ಬದಲಿಸಿದ್ದೆವು, ತೊಳೆಯುವ ನೀರನ್ನು ಮಾತ್ರ ಬದಲಿಸಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಈ ಪರೀಕ್ಷೆಗೆ ಐದನೆಯ ಸ್ಲೈಡೂ ಇದೆ. ಅದರ ಗುರುತು ಉ. ಈಗಿನ ಸ್ಟೇನ್, ಈಗಿನ ಬಫರ್, ಆದರೆ ತೊಳೆಯುವುದು ಬಫರಿನಲ್ಲೇ.

ನೀಲಿಗೆ ಉಳಿದ ಕಾರಣಗಳು

ತೊಳೆಯುವ ನೀರು ಸರಿಯಿದ್ದೂ ನೀಲಿ ಬಂದರೆ ಬಫರನ್ನು ಯಾವ ನೀರಿನಲ್ಲಿ ಮಾಡಿದ್ದಾರೆ ಎಂದು ಕೇಳಿ. ಸ್ಟೇನಿಗೆ ಬಳಸುವ ಬಫರ್ ತೀರಾ ತೆಳು. ಗಟ್ಟಿ ಬಫರಿನ 50 ಮಿಲಿಲೀಟರ್ ಅನ್ನು ಒಂದು ಲೀಟರಿಗೆ ತುಂಬಿಸಿ ಮಾಡುತ್ತೇವೆ. ಅಷ್ಟು ತೆಳುವಾದ ಬಫರಿಗೆ ಗಡಸು ನೀರನ್ನು ಎದುರಿಸುವ ಶಕ್ತಿ ಇರುವುದಿಲ್ಲ, ನೀರಿನ ಕ್ಷಾರವೇ ಗೆಲ್ಲುತ್ತದೆ. ಕುಡಿಯುವ ನೀರಿನ ಕ್ಯಾನಿನಿಂದ ಬಫರ್ ಮಾಡಿದವರನ್ನು ಕಂಡಿದ್ದೇನೆ. ಕುಡಿಯಲು ಒಳ್ಳೆಯ ನೀರು ಸ್ಟೇನಿಗೂ ಒಳ್ಳೆಯದೆಂದು ತಿಳಿಯಬೇಡಿ, ಅದರಲ್ಲಿ ಲವಣಗಳು ಇರುತ್ತವೆ. ಡಿಸ್ಟಿಲ್ಡ್ ನೀರು ಅಥವಾ ಅಯಾನು ತೆಗೆದ ನೀರೇ ಬೇಕು.

ಸ್ಮಿಯರ್ ದಪ್ಪವಾಗಿದ್ದರೂ ನೀಲಿಯೇ. ನೋಡುವ ಜಾಗವೂ ಮುಖ್ಯ. ಸ್ಮಿಯರ್ ತೆಳುವಾಗಿ ಮುಗಿಯುವ ಬಾಲದ ಹತ್ತಿರ, ಕಣಗಳು ಒಂದಕ್ಕೊಂದು ತಾಗಿಯೂ ತಾಗದಂತೆ ಹರಡಿರುವ ಕಡೆ ನೋಡಿ ತೀರ್ಮಾನಿಸಿ. ದಪ್ಪವಾಗಿರುವ ತಲೆಯ ಕಡೆ ನೋಡಿದರೆ ಎಂತಹ ಒಳ್ಳೆಯ ಸ್ಲೈಡೂ ಕೆಟ್ಟದಾಗಿಯೇ ಕಾಣುತ್ತದೆ. ಮೆಥನಾಲ್ ಹಾಕಿ ಕಣಗಳನ್ನು ಗಾಜಿಗೆ ಸ್ಥಿರಗೊಳಿಸದೆ ದಿನಗಟ್ಟಲೆ ಬಿಟ್ಟ ಸ್ಮಿಯರಿನಲ್ಲಿ ಹಿನ್ನೆಲೆ ನೀಲಿಯಾಗುತ್ತದೆ. ಹೆಪರಿನ್ ಟ್ಯೂಬಿನ ರಕ್ತದಲ್ಲೂ ಹಾಗೆಯೇ, ಆದ್ದರಿಂದ ಟ್ಯೂಬಿನ ಮುಚ್ಚಳದ ಬಣ್ಣ ನೋಡಿ. ಹೆಪರಿನ್, ಇಡಿಟಿಎ ಎರಡೂ ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ವಸ್ತುಗಳು. ಸ್ಮಿಯರಿಗೆ ಬೇಕಾದದ್ದು ಇಡಿಟಿಎ ರಕ್ತ, ಅದೂ ತಾಜಾ ಇರುವಾಗ. ಸೋಪಿನಲ್ಲಿ ತೊಳೆದು ಮತ್ತೆ ಬಳಸುವ ಸ್ಲೈಡ್‌ಗಳಲ್ಲಿ ಉಳಿದ ಸೋಪಿನ ಕ್ಷಾರ ಸಾಕು ಬಣ್ಣ ಕೆಡಿಸಲು.

ನೀಲಿಯ ಅಪಾಯವೇನೆಂದರೆ ನ್ಯೂಟ್ರೋಫಿಲ್‌ನ ನಸುಪುಡಿ ದಪ್ಪಗೆ ಕಪ್ಪಾಗಿ ಕಾಣುತ್ತದೆ. ತೀವ್ರ ಸೋಂಕಿನಲ್ಲಿ ಕಾಣುವ ಲಕ್ಷಣವೂ ಅದೇ. ಕೆಟ್ಟ ಬಣ್ಣವನ್ನು ನಂಬಿ ವರದಿ ಬರೆದರೆ ಇಲ್ಲದ ಸೋಂಕನ್ನು ರೋಗಿಯ ತಲೆಗೆ ಕಟ್ಟಿದಂತಾಗುತ್ತದೆ.

ಒಂದು ವಿನಾಯಿತಿ ಇದೆ. ಮಲೇರಿಯಾ ಹುಡುಕುವ ಸ್ಲೈಡಿಗೆ ಪಿಎಚ್ 7.2ರ ಬಫರ್ ಬೇಕು. ಪರಾವಲಂಬಿ ಹೊಕ್ಕ ಕೆಂಪು ಕಣದ ಮೇಲಿನ ಷುಫ್ನರ್ ಚುಕ್ಕೆಗಳು 6.8ರಲ್ಲಿ ಸರಿಯಾಗಿ ಮೂಡುವುದಿಲ್ಲ. ಆದ್ದರಿಂದ ಎರಡು ಬಫರ್ ಇಟ್ಟುಕೊಳ್ಳುವ ಲ್ಯಾಬಿನಲ್ಲಿ ಬಾಟಲಿಗಳು ಅದಲುಬದಲಾಗದಂತೆ ಎರಡಕ್ಕೂ ಬೇರೆ ಬೇರೆ ಬಣ್ಣದ ಮುಚ್ಚಳ ಹಾಕಿ.

ಎಲ್ಲವೂ ಗುಲಾಬಿಯಾದಾಗ

ಕೆಂಪು ಕಣಗಳು ಕಡುಕೆಂಪಾಗಿ, ಕೋಶಕೇಂದ್ರಗಳು ಬಿಳಿಚಿಕೊಂಡಿದ್ದರೆ ಆಮ್ಲ ಹೆಚ್ಚಾಗಿದೆ, ಇಲ್ಲವೇ ತೊಳೆದದ್ದು ಅತಿಯಾಗಿದೆ, ಇಲ್ಲವೇ ಬಫರ್ ಹಾಕಿದ ಮೇಲೆ ಬಿಟ್ಟ ಸಮಯ ಸಾಲದು. ಬಫರ್ ಮುಗಿದಿದೆಯೆಂದು ಬರೀ ಡಿಸ್ಟಿಲ್ಡ್ ನೀರು ಹಾಕಿದರೂ ಹೀಗಾಗುತ್ತದೆ. ತೆರೆದಿಟ್ಟ ಡಿಸ್ಟಿಲ್ಡ್ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಾನಾಗಿಯೇ ಆಮ್ಲದ ಕಡೆಗೆ ವಾಲುತ್ತದೆ.

ಇನ್ನೊಂದು ತಪ್ಪು ತೂಕದ್ದು. ಇದನ್ನು ಒಮ್ಮೆ ನಮ್ಮಲ್ಲೇ ಕಂಡಿದ್ದೇವೆ. ಗಟ್ಟಿ ಬಫರಿಗೆ ಎರಡು ಲವಣಗಳ ದ್ರಾವಣ ಬೇಕು. ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಲೀಟರಿಗೆ 9.08 ಗ್ರಾಂ. ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ನಿರ್ಜಲ ಪುಡಿಯಾದರೆ ಲೀಟರಿಗೆ 9.47 ಗ್ರಾಂ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಹೆಚ್ಚುಕಡಿಮೆ 6.8 ಬರುತ್ತದೆ. ಆದರೆ ಈ ಎರಡನೆಯ ಲವಣ ಅಂಗಡಿಯಲ್ಲಿ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. ಎರಡು ನೀರಣು ಸೇರಿದ ಹರಳಾದರೆ 11.87 ಗ್ರಾಂ ಬೇಕು, ಹನ್ನೆರಡು ನೀರಣು ಸೇರಿದ ಹರಳಾದರೆ ಸುಮಾರು 23.9 ಗ್ರಾಂ. ನಮ್ಮ ಹುಡುಗ ಹನ್ನೆರಡರ ಹರಳಿನ ಡಬ್ಬಿ ತೆರೆದು ಗೋಡೆಗೆ ಅಂಟಿಸಿದ್ದ ಹಳೆಯ ಚೀಟಿಯಂತೆ 9.47 ಗ್ರಾಂ ತೂಗಿದ್ದ. ಅರ್ಧಕ್ಕಿಂತ ಕಡಿಮೆ ಲವಣ ಬಿದ್ದು ಪಿಎಚ್ 6.4ರ ಹತ್ತಿರ ಬಂದಿತ್ತು, ವಾರವಿಡೀ ಸ್ಲೈಡ್‌ಗಳು ಗುಲಾಲು ಎರಚಿದಂತಿದ್ದವು. ಚೀಟಿಯಲ್ಲಿ ತೂಕದ ಜೊತೆ ಲವಣದ ಪೂರ್ಣ ಸೂತ್ರವನ್ನೂ ಬರೆಯಿರಿ. ಅಷ್ಟು ತಾಪತ್ರಯ ಬೇಡವೆನ್ನುವವರಿಗೆ 6.8ರ ಬಫರ್ ಮಾತ್ರೆಗಳು ಸಿಗುತ್ತವೆ. ಸಣ್ಣ ಲ್ಯಾಬುಗಳಿಗೆ ನಾನು ಅದನ್ನೇ ಹೇಳುತ್ತೇನೆ.

ಪಿಎಚ್ ಅಳೆಯಲು 1ರಿಂದ 14ರ ಪಟ್ಟಿ ಸಾಲದು. 6.4ಕ್ಕೂ 6.8ಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ. ಕಿರಿದಾದ ವ್ಯಾಪ್ತಿಯ ಪಟ್ಟಿ ಅಥವಾ ಸರಿಯಾಗಿ ಹೊಂದಿಸಿದ ಮೀಟರ್ ಬೇಕು.

ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆ

ಡೆಂಗಿ ಕಾಲದಲ್ಲಿ ನಾನು ಅತಿ ಹೆಚ್ಚು ಹೆದರುವುದು ಈ ದೋಷಕ್ಕೆ. ಕರಗದೆ ಉಳಿದ ಬಣ್ಣದ ಹರಳುಗಳು ಸ್ಲೈಡಿನ ಮೇಲೆ ಕೂತರೆ ಅನುಭವವಿಲ್ಲದ ಕಣ್ಣಿಗೆ ಪ್ಲೇಟ್‌ಲೆಟ್‌ಗಳಂತೆ ಕಾಣುತ್ತವೆ. ಇಪ್ಪತ್ತು ಸಾವಿರಕ್ಕೆ ಇಳಿದವರ ಸ್ಲೈಡಿನಲ್ಲಿ ಅವನ್ನೂ ಎಣಿಸಿ ‘ಪ್ಲೇಟ್‌ಲೆಟ್ ಸಾಕಷ್ಟಿದೆ’ ಎಂದು ಬರೆದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ. ಕೆಂಪು ಕಣದ ಮೇಲೆ ಕೂತ ಚುಕ್ಕೆ ಮಲೇರಿಯಾದಂತೆಯೂ ಕಾಣುತ್ತದೆ.

ಗುರುತಿಸುವ ಬಗೆ ಇದು. ಫೈನ್ ಫೋಕಸನ್ನು ಹಗುರವಾಗಿ ಹಿಂದೆ ಮುಂದೆ ತಿರುಗಿಸಿ. ಕಣದ ಒಳಗಿರುವುದು ಕಣದ ಜೊತೆಗೇ ಸ್ಪಷ್ಟವಾಗುತ್ತದೆ. ಮೇಲೆ ಕೂತ ಹರಳು ಕಣ ಮಸುಕಾದ ಮೇಲೆ ಬೇರೆಯಾಗಿ ಹೊಳೆಯುತ್ತದೆ. ಪ್ಲೇಟ್‌ಲೆಟ್‌ಗೆ ನಸುನೀಲಿ ಮೈ ಇದ್ದು ಅದರೊಳಗೆ ನೇರಳೆ ಪುಡಿ ಇರುತ್ತದೆ. ಬಣ್ಣದ ಹರಳಿಗೆ ಮೈಯೇ ಇಲ್ಲ, ಬರೀ ಚುಕ್ಕೆ. ಕಣಗಳೇ ಇಲ್ಲದ ಖಾಲಿ ಜಾಗದಲ್ಲೂ ಅಂತಹ ಚುಕ್ಕೆಗಳಿವೆಯೇ ನೋಡಿ. ಇದ್ದರೆ ಅದು ಬಣ್ಣವೇ.

ಕಾರಣ ಹೆಚ್ಚಾಗಿ ಮೂರು ಕಡೆ ಸಿಗುತ್ತದೆ. ಸ್ಟೇನನ್ನು ಸೋಸಿರುವುದಿಲ್ಲ. ಅಥವಾ ಫ್ಯಾನಿನ ಕೆಳಗೆ ಸ್ಟೇನ್ ಹಾಕಿ, ಆ ಎರಡು ನಿಮಿಷದಲ್ಲಿ ಮೆಥನಾಲ್ ಆರಿ ಬಣ್ಣ ಗಾಜಿಗೆ ಕಚ್ಚಿರುತ್ತದೆ. ಅಥವಾ ತೊಳೆಯುವ ರೀತಿ ತಪ್ಪಿರುತ್ತದೆ. ಈ ಕೊನೆಯದನ್ನು ಸ್ವಲ್ಪ ನಿಂತು ನೋಡೋಣ. ಬಫರ್ ಬೆರೆತ ಕೆಲವು ನಿಮಿಷಗಳಲ್ಲಿ ದ್ರವದ ಮೇಲೆ ಹಸಿರು ಚಿನ್ನದಂತೆ ಮಿನುಗುವ ತೆಳು ಪೊರೆ ಕಟ್ಟುತ್ತದೆ, ಹಾಲಿನ ಕೆನೆಯಂತೆ. ಅದು ಒಳ್ಳೆಯ ಲಕ್ಷಣ. ಆದರೆ ಸ್ಲೈಡನ್ನು ಓರೆ ಮಾಡಿ ದ್ರವ ಚೆಲ್ಲಿದರೆ ಆ ಕೆನೆಯೆಲ್ಲ ಇಳಿದು ಸ್ಮಿಯರಿನ ಮೇಲೆಯೇ ಮಲಗುತ್ತದೆ. ಹಾಗೆ ಮಾಡಬೇಡಿ. ಸ್ಲೈಡ್ ಮಟ್ಟಸವಾಗಿರುವಾಗಲೇ ಒಂದು ಬದಿಯಿಂದ ಬಫರನ್ನು ಹರಿಸಿ, ಕೆನೆ ತೇಲಿಕೊಂಡು ಇನ್ನೊಂದು ಬದಿಯಿಂದ ಹೊರಗೆ ಹೋಗಲಿ. ದ್ರವ ತಿಳಿಯಾದ ಮೇಲೆ ಓರೆ ಮಾಡಿ.

ಮಳೆಗಾಲದ ಹೊಳೆಯುವ ತೂತುಗಳು

ಜೂನ್ ಕಳೆದು ಜಡಿಮಳೆ ಹಿಡಿದರೆ ಇನ್ನೊಂದು ದೂರು ಬರುತ್ತದೆ. ಕೆಂಪು ಕಣಗಳೊಳಗೆ ಹುಳ ತಿಂದಂತೆ ತೂತುಗಳು, ಫೋಕಸ್ ತಿರುಗಿಸಿದರೆ ಗಾಜಿನ ಚೂರಿನಂತೆ ಹೊಳೆಯುವ ಗುಳ್ಳೆಗಳು. ಇದು ನೀರಿನ ಕಲೆ. ತೇವದ ಗಾಳಿಯಲ್ಲಿ ಸ್ಮಿಯರ್ ನಿಧಾನವಾಗಿ ಆರಿದರೆ ಹೀಗಾಗುತ್ತದೆ. ಮೆಥನಾಲಿಗೆ ನೀರು ಸೇರಿದ್ದರೂ ಹೀಗೆಯೇ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮುಚ್ಚಳ ಸಡಿಲವಿದ್ದ ಬಾಟಲಿ ಮಳೆಗಾಲದಲ್ಲಿ ಸದ್ದಿಲ್ಲದೆ ಕೆಡುತ್ತದೆ.

ಒಂದೇ ರಕ್ತದ ಎರಡು ಸ್ಮಿಯರ್ ಎಳೆದು ಎರಡನ್ನೂ ಕೂಡಲೇ ಫ್ಯಾನಿಗೆ ಹಿಡಿದು ಆರಿಸಿ. ಒಂದಕ್ಕೆ ಈಗಿನ ಸ್ಟೇನ್ ಹಾಕಿ. ಇನ್ನೊಂದನ್ನು ಹೊಸದಾಗಿ ತೆರೆದ ಮೆಥನಾಲಿನಲ್ಲಿ ಮೊದಲೇ ಸ್ಥಿರಗೊಳಿಸಿ ಆಮೇಲೆ ಅದೇ ಸ್ಟೇನ್ ಹಾಕಿ. ಎರಡೂ ಚೆನ್ನಾಗಿ ಬಂದರೆ ತಪ್ಪು ಆರಿಸುವುದರಲ್ಲಿತ್ತು. ಎರಡನೆಯದು ಮಾತ್ರ ಚೆನ್ನಾಗಿದ್ದರೆ ಸ್ಟೇನಿನ ಮೆಥನಾಲಿಗೆ ನೀರು ಸೇರಿದೆ, ಅದನ್ನು ಬಿಡಿ. ಸ್ಮಿಯರ್ ಆರಿಸಲು ಫ್ಯಾನ್ ಬೇಕು, ಸ್ಟೇನ್ ಹಾಕುವಾಗ ಫ್ಯಾನ್ ಬೇಡ. ಈ ಎರಡು ಮಾತನ್ನು ಹೊಸಬರಿಗೆ ಒಟ್ಟಿಗೇ ಹೇಳಿಕೊಡಿ.

ಬಾಟಲಿಯದೇ ತಪ್ಪಾದಾಗ

ಕೆಲವೊಮ್ಮೆ ಸ್ಟೇನೇ ಕೆಟ್ಟಿರುತ್ತದೆ. 0.15 ಗ್ರಾಂ ಪುಡಿಗೆ ಅಸಿಟೋನ್ ಇಲ್ಲದ 100 ಮಿಲಿಲೀಟರ್ ಮೆಥನಾಲ್ ಲೆಕ್ಕ. ಬಿಸಿನೀರಿನ ತೊಟ್ಟಿಯಲ್ಲಿ ಹದವಾಗಿ ಬೆಚ್ಚಗೆ ಮಾಡಿ ಆಗಾಗ ಕುಲುಕಿ ಕರಗಿಸಬೇಕು, ಬೆಂಕಿಯ ಮೇಲೆ ಎಂದಿಗೂ ಕೂಡದು. ಹೊಸದಾಗಿ ಮಾಡಿದ ಸ್ಟೇನ್ ಅದೇ ದಿನ ಒಳ್ಳೆಯ ಬಣ್ಣ ಕೊಡುವುದಿಲ್ಲ, ಕೆಲವು ದಿನ ಮಾಗಬೇಕು. ಕಂದು ಬಾಟಲಿಯಲ್ಲಿ, ಬಿಸಿಲು ತಾಗದ ಕಡೆ ಇಡಿ. ಹೊಸ ಲಾಟ್ ಬಂದಾಗ ಹಳೆಯದು ಮುಗಿಯುವ ಮೊದಲೇ ಎರಡನ್ನೂ ಒಂದೇ ರಕ್ತದ ಮೇಲೆ ಹೋಲಿಸಿ ನೋಡಿ, ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯಿರಿ.

ಕೈಯಲ್ಲಿರುವುದು ಮೆಥನಾಲ್

ನಮ್ಮ ಹುಡುಗರು ಕೈಗೆ ನೀಲಿ ಅಂಟಿದರೆ ಗಾಬರಿಯಾಗುತ್ತಾರೆ, ಮೆಥನಾಲಿನ ವಾಸನೆಗೆ ಮಾತ್ರ ಒಗ್ಗಿಹೋಗಿರುತ್ತಾರೆ. ಇದು ತಿರುವುಮುರುವು. ಚರ್ಮದ ಬಣ್ಣ ಕೆಲವು ದಿನಗಳಲ್ಲಿ ಹೋಗುತ್ತದೆ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಸುಡುತ್ತದೆ. 10 ಮಿಲಿಲೀಟರ್ ಒಳಗೆ ಹೋದರೂ ದೃಷ್ಟಿ ಹೋಗಬಹುದು. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದ ದ್ರವವೇ ನಮ್ಮ ಮೇಜಿನ ಮೇಲಿದೆ.

ಆದ್ದರಿಂದ ಬಾಯಿಯಿಂದ ಪಿಪೆಟ್ ಎಳೆಯುವುದು ಎಂದಿಗೂ ಬೇಡ. ಸ್ಟೇನನ್ನಾಗಲೀ ಮೆಥನಾಲನ್ನಾಗಲೀ ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ, ಒಂದು ಗಳಿಗೆಯ ಮಟ್ಟಿಗೂ ಬೇಡ. ನೈಟ್ರೈಲ್ ಕೈಗವಸು ಹಾಕಿ, ಮೆಥನಾಲ್ ಚೆಲ್ಲಿದರೆ ಕೈಗವಸನ್ನು ಕೂಡಲೇ ಬದಲಿಸಿ. ಮೆಥನಾಲ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕಿಟಕಿ ತೆರೆದಿರಲಿ, ಗಾಳಿ ಹೊರಹಾಕುವ ಫ್ಯಾನ್ ಓಡುತ್ತಿರಲಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಯಾರಾದರೂ ನುಂಗಿದರೆ ಲಕ್ಷಣಕ್ಕಾಗಿ ಕಾಯಬೇಡಿ. ಮೊದಲ ಹಲವು ಗಂಟೆ ಅವರು ಚೆನ್ನಾಗಿಯೇ ಇದ್ದಂತೆ ಕಾಣಬಹುದು, ಕಣ್ಣು ಮಂಜಾಗುವ ಹೊತ್ತಿಗೆ ಚಿಕಿತ್ಸೆಯ ಸಮಯ ಕೈಮೀರಿರಬಹುದು. ಬಾಟಲಿಯ ಲೇಬಲ್ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಂಕಿಯ ಮಾತು. ಮೆಥನಾಲಿನ ಆವಿ 11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಡಿಸೆಂಬರಿನ ಚಳಿಯಲ್ಲೂ ನಮ್ಮ ಕೋಣೆಗಳು ಅದಕ್ಕಿಂತ ಬೆಚ್ಚಗಿರುತ್ತವೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಸ್ಪಿರಿಟ್ ದೀಪ, ಬರ್ನರ್, ದೇವರ ಪಟದ ಮುಂದಿನ ಊದುಬತ್ತಿ, ಇವು ಯಾವುವೂ ಸ್ಟೇನಿಂಗ್ ಮೇಜಿನ ಸುತ್ತಮುತ್ತ ಇರಬಾರದು. ಆಯುಧಪೂಜೆಯ ದಿನ ಮೈಕ್ರೋಸ್ಕೋಪಿಗೆ ಹೂ ಮುಡಿಸಿ ಆರತಿ ಎತ್ತುವ ಮೊದಲು ನಾವು ಮೆಥನಾಲನ್ನು ಬೇರೆ ಕೋಣೆಯ ಬೀರುವಿಗೆ ಸಾಗಿಸುತ್ತೇವೆ.

ಬಳಸಿದ ಸ್ಟೇನನ್ನು ಸಿಂಕಿಗೆ ಸುರಿಯಬೇಡಿ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಡಿ, ಏನಿದೆ ಎಂದು ಬರೆಯಿರಿ, ಅಧಿಕೃತ ವಿಲೇವಾರಿಯವರಿಗೆ ಒಪ್ಪಿಸಿ. ಬಳಸಿದ ಸ್ಲೈಡ್‌ಗಳು ನೀಲಿ ಗುರುತಿನ, ಚುಚ್ಚಿದರೂ ತೂತಾಗದ ಗಟ್ಟಿ ಪೆಟ್ಟಿಗೆಗೆ. ಇನ್ನೂ ಮೆಥನಾಲ್ ಹಾಕದ ಸ್ಮಿಯರ್ ಹಸಿ ರಕ್ತವೇ ಎಂದು ತಿಳಿದು ಮುಟ್ಟಿ.

ಸರಿಪಡಿಸಬಾರದ ನೀಲಿ

ಮಾರ್ಚಿನ ಗಲಾಟೆ ಮುಗಿದು ಕೆಲವು ತಿಂಗಳಾಗಿತ್ತು. ಸ್ಲೈಡ್‌ಗಳೆಲ್ಲ ಬಫರಿನಲ್ಲಿ ತೊಳೆದು ಚೆಂದವಾಗಿ ಬರುತ್ತಿದ್ದವು. ಒಂದು ದಿನ ಅದೇ ಹುಡುಗಿ ಒಂದು ಸ್ಲೈಡ್ ತಂದು, “ಮೇಡಂ, ಇದೊಂದು ಮಾತ್ರ ನೀಲಿ. ಮತ್ತೆ ಎರಡು ಸಲ ಮಾಡಿದೆ, ಮತ್ತೆ ನೀಲಿ” ಎಂದಳು. ಬರಿಗಣ್ಣಿಗೇ ಕಾಣುತ್ತಿತ್ತು. ಅದೇ ಸಾಲಿನ ಉಳಿದ ಸ್ಲೈಡ್‌ಗಳು ಗುಲಾಬಿ, ನಡುವೆ ಇದೊಂದು ಶಂಖಪುಷ್ಪದ ಹೂವಿನಂತೆ.

ನಾನು ಕೇಳಿದ ಮೊದಲ ಪ್ರಶ್ನೆ, ಸಾಲಿನಲ್ಲಿ ಬೇರೆ ಯಾವುದಾದರೂ ನೀಲಿ ಇದೆಯೇ ಎಂಬುದು. ಇರಲಿಲ್ಲ. ನೀರು ಅದೇ, ಬಫರ್ ಅದೇ, ಕೈ ಅದೇ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಸಾಲುಗಟ್ಟಿದ್ದವು, ಅವುಗಳ ನಡುವಿನ ಖಾಲಿ ಜಾಗಕ್ಕೂ ನೀಲಿ ಹತ್ತಿತ್ತು. ರಕ್ತದಲ್ಲಿ ಪ್ರೋಟೀನ್ ವಿಪರೀತ ಏರಿದಾಗ ಹೀಗಾಗುತ್ತದೆ. ರೋಗಿ ಅರವತ್ತೆಂಟು ವರ್ಷದವರು, ಚೀಟಿಯಲ್ಲಿ ಬೆನ್ನುನೋವು ಎಂದಷ್ಟೇ ಇತ್ತು.

ಸ್ಲೈಡನ್ನು ತೊಳೆಯದೆ, ಬಣ್ಣ ಹೊಂದಿಸಲು ಹೋಗದೆ, ಹಾಗೆಯೇ ಟ್ರೇಯಲ್ಲಿಟ್ಟು ನಮ್ಮ ಪೆಥಾಲಜಿ ಡಾಕ್ಟರ ಮುಂದಿಟ್ಟೆವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ರೋಗಿಯನ್ನು ಕಳಿಸಿದ್ದ ವೈದ್ಯರಿಗೆ ಫೋನ್ ಮಾಡಿ, ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆ ಮಾಡಿಸಿ, ಮೂಳೆ ಮಜ್ಜೆಯ ಕ್ಯಾನ್ಸರಾದ ಮೈಲೋಮಾ ಇದೆಯೇ ನೋಡಬೇಕು ಎಂದರು. ಹುಡುಗಿ ಮೂರೂ ಸ್ಲೈಡ್‌ಗಳ ತುದಿಗೆ ಪೆನ್ಸಿಲಿನಲ್ಲಿ ನಂಬರ್ ಬರೆದು ಪೆಟ್ಟಿಗೆಗೆ ಹಾಕಿದಳು.